ಎರಡು ಉತ್ತರಕ್ಕೆ ಸುತ್ತು ಹಾಕಿದ ಹುಡುಗ

ಇಲ್ಲಿ ಏನೂ ಬರೆಯದೆ ಬಹಳ ದಿನಗಳಾದವು. ಆಫೀಸು, ರಿಲೀಸು, ಮತ್ತೆ ಆಫೀಸು... ಇದರ ಮಧ್ಯೆ ಎಷ್ಟೋ ಬರಹಗಳು ಡ್ರಾಫ್ಟಿನಲ್ಲೇ ಉಳಿದುಹೋಗಿವೆ. ಇದೂ ಹಾಗೇ ಉಳಿದಿದ್ದ ಒಂದು. ಆದರೆ ಇದನ್ನು ಬರೆಯದೆ ಇದ್ದಿದ್ದಕ್ಕೆ ಸೋಮಾರಿತನ ಒಂದೇ ಕಾರಣ ಅಲ್ಲ. ಈ ಕಥೆಯಲ್ಲಿ ತಪ್ಪು ಮಾಡಿದವನು ನಾನೇ. ತನ್ನ ತಪ್ಪನ್ನು ತಾನೇ ಕೂತು ಟೈಪ್ ಮಾಡೋದು ಅಷ್ಟು ಸುಲಭ ಅಲ್ಲ ನೋಡಿ.

ನಮ್ಮೂರು ಅರಸೀಕೆರೆ ಕಡೆ. ತೆಂಗಿನ ತೋಟ, ಬತ್ತಿದ ಕೆರೆ, ಒಂದು ಸರ್ಕಾರಿ ಪ್ರಾಥಮಿಕ ಶಾಲೆ, ಎರಡು ಕಿಲೋಮೀಟರ್ ದೂರದಲ್ಲಿ ಪ್ರೌಢಶಾಲೆ. ನಾನು ಐದನೇ ಕ್ಲಾಸಿನ ತನಕ ಓದಿದ್ದು ಊರಿನ ಶಾಲೆಯಲ್ಲೇ. ಆಮೇಲೆ ನವೋದಯ. ಅಲ್ಲಿಂದ ಸಿಇಟಿ, ಇಂಜಿನಿಯರಿಂಗ್, ಬೆಂಗಳೂರು. ನಮ್ಮೂರಿನವರ ಲೆಕ್ಕದಲ್ಲಿ ನಾನು ‘ನವೋದಯ ಪಾಸಾದ ಹುಡುಗ’. ಇವತ್ತಿಗೂ ಮದುವೆ ಮನೆಯಲ್ಲಿ ಯಾರಾದರೂ ಪರಿಚಯ ಮಾಡಿಸುವಾಗ ಕೆಲಸದ ಸುದ್ದಿಗಿಂತ ಮೊದಲು ಅದೇ ಬರುತ್ತೆ. ನನಗೂ ಒಳಗೊಳಗೇ ಖುಷಿ ಅನ್ನಿ :)

ನವೋದಯದ ಬಗ್ಗೆ ಗೊತ್ತಿಲ್ಲದವರಿಗೆ ಎರಡು ಮಾತು. ಹಳ್ಳಿಯ ಪ್ರತಿಭಾವಂತ ಮಕ್ಕಳಿಗೂ ಒಳ್ಳೆಯ ಶಿಕ್ಷಣ ಸಿಗಲಿ ಎನ್ನುವ ಉದ್ದೇಶದಿಂದ 1985-86ರಲ್ಲಿ ಹರಿಯಾಣದ ಝಜ್ಜರ್ ಮತ್ತು ಮಹಾರಾಷ್ಟ್ರದ ಅಮರಾವತಿಯಲ್ಲಿ ಎರಡು ಶಾಲೆಗಳಿಂದ ಇದು ಶುರುವಾಯ್ತು. ಈಗ ದೇಶದ ಹೆಚ್ಚುಕಮ್ಮಿ ಎಲ್ಲ ಜಿಲ್ಲೆಗಳಲ್ಲೂ ಇದೆ. ಐದನೇ ಕ್ಲಾಸಿನಲ್ಲಿ ಇದ್ದಾಗ ಒಂದು ಪರೀಕ್ಷೆ. ಆರನೇ ಕ್ಲಾಸಿಗೆ ಹೆಚ್ಚೆಂದರೆ 80 ಸೀಟು, ಅದರಲ್ಲಿ ಕನಿಷ್ಠ ಮುಕ್ಕಾಲು ಪಾಲು ಹಳ್ಳಿ ಮಕ್ಕಳಿಗೆ. ಪರೀಕ್ಷೆ ಕನ್ನಡದಲ್ಲೂ ಬರೆಯಬಹುದು. ಆದರೆ ಜೀವನದಲ್ಲಿ ಒಂದೇ ಸಲ. ಸಿಗಲಿಲ್ಲವೋ, ಮತ್ತೆ ಬರೆಯೋ ಹಾಗಿಲ್ಲ.

ನಾನು ಬರೆದಿದ್ದು 2007-08ರಲ್ಲಿ, ಐದನೇ ಕ್ಲಾಸಿನಲ್ಲಿದ್ದಾಗ. ನಮ್ಮ ತರಗತಿಯಲ್ಲಿ ಇದ್ದಿದ್ದು ಹತ್ತೊಂಬತ್ತು ಮಕ್ಕಳು, ಅರ್ಜಿ ಹಾಕಿದ್ದು ಇಬ್ಬರು. ಅದರಲ್ಲಿ ನಾನೊಬ್ಬ. ಕಾರಣ ಏನು ಅಂತೀರಾ? ನಮ್ಮಪ್ಪ ಊರಿನ ಬ್ರಾಂಚ್ ಪೋಸ್ಟ್ ಮಾಸ್ಟರ್. ಪೇಪರು, ಕಾಗದ, ಸುತ್ತೋಲೆ ಎಲ್ಲ ಮೊದಲು ಬೀಳೋದು ಅವರ ಕಣ್ಣಿಗೆ. ಫಾರಂ ತಂದು, ಸಹಿ ಹಾಕಿಸಿ, ಕೊನೇ ದಿನಕ್ಕೆ ಒಂದು ವಾರ ಮುಂಚೆಯೇ ಕೊಟ್ಟು ಬಂದಿದ್ದರು. ಅದೇ ಕ್ಲಾಸಿನಲ್ಲಿ ನನ್ನ ಪಕ್ಕದ ಸಾಲಿನಲ್ಲಿ ಒಬ್ಬಳು ಹುಡುಗಿ ಕೂರುತ್ತಿದ್ದಳು. ಮೇಷ್ಟ್ರು ಬೋರ್ಡಿನ ಮೇಲೆ ಲೆಕ್ಕ ಬರೆದು ಮುಗಿಸೋ ಹೊತ್ತಿಗೆ ಅವಳ ಬಾಯಲ್ಲಿ ಉತ್ತರ ಇರುತ್ತಿತ್ತು. ನಾನಿನ್ನೂ ಪ್ರಶ್ನೆಯನ್ನೇ ಬರೆದುಕೊಳ್ಳುತ್ತಿದ್ದೆ. ಅವಳಿಗೆ ಫಾರಂ ಬಗ್ಗೆ ಯಾರೂ ಹೇಳಲಿಲ್ಲ. ನಾನೂ ಹೇಳಲಿಲ್ಲ. ಹತ್ತು ವರ್ಷದ ಹುಡುಗನಿಗೆ ಅಷ್ಟು ಬುದ್ಧಿ ಎಲ್ಲಿರುತ್ತೆ ಅಂತ ಸಮಾಧಾನ ಮಾಡಿಕೊಳ್ಳಬಹುದು. ಆದರೆ ನಿಜ ಹೇಳಬೇಕೆಂದರೆ, ಅವಳು ಬರೆಯದಿದ್ದರೇ ಒಳ್ಳೇದು ಅಂತ ಆಗ ನನಗೆ ಅನ್ನಿಸಿತ್ತು.

ಇದನ್ನು ಯಾಕೆ ಮೊದಲೇ ಹೇಳಿದೆ ಅಂದರೆ, ‘ಪ್ರತಿಭಾನ್ವೇಷಣೆ’ ಅನ್ನೋ ದೊಡ್ಡ ಪದದ ಹಿಂದೆ ಇರೋದು ಎಷ್ಟೋ ಸಲ ಇಷ್ಟೇ. ಯಾರ ಮನೆಗೆ ಫಾರಂ ಬಂತು, ಯಾರ ಮನೆಗೆ ಬರಲಿಲ್ಲ.

ಈಗ ಮುಖ್ಯ ವಿಷಯಕ್ಕೆ ಬರ್ತೀನಿ.

2022ರಲ್ಲಿ ನಮ್ಮ ಕಂಪನಿಯಲ್ಲಿ ಇನ್ನೂ ಮನೆಯಿಂದಲೇ ಕೆಲಸ ಮಾಡಬಹುದಿತ್ತು. ನಾನು ಊರಲ್ಲೇ ಇದ್ದೆ. ಬೆಳಗ್ಗೆಯಿಂದ ಸಂಜೆ ತನಕ ಕಾಲ್‌ಗಳು, ಆಮೇಲೆ ಏನು ಮಾಡೋದು? ಪ್ರೌಢಶಾಲೆಯ ಗಣಿತದ ಮೇಷ್ಟ್ರು ಒಂದು ದಿನ ಹಾಲಿನ ಡೇರಿ ಹತ್ತಿರ ಸಿಕ್ಕರು. “ಎನ್‌ಎಂಎಂಎಸ್‌ಗೆ ಮಕ್ಕಳನ್ನ ರೆಡಿ ಮಾಡ್ಬೇಕು ಕಣಪ್ಪ, ನಂಗೆ ಒಬ್ಬನಿಗೇ ಆಗ್ತಿಲ್ಲ. ನೀನು ನವೋದಯ ಪಾಸಾದೋನು, ಸ್ವಲ್ಪ ಹೇಳ್ಕೊಡು” ಅಂದರು. ಹೊಗಳಿಕೆಗೆ ಉಬ್ಬಿಹೋಗಿ ಒಪ್ಪಿಕೊಂಡೆ.

ಎನ್‌ಎಂಎಂಎಸ್ ಅಂದರೆ ಕೇಂದ್ರ ಸರ್ಕಾರದ ವಿದ್ಯಾರ್ಥಿವೇತನದ ಪರೀಕ್ಷೆ. 2008ರಲ್ಲಿ ಶುರುವಾಗಿದ್ದು. ಸರ್ಕಾರಿ ಮತ್ತು ಅನುದಾನಿತ ಶಾಲೆಗಳಲ್ಲಿ ಎಂಟನೇ ಕ್ಲಾಸು ಓದುತ್ತಿರೋ, ಆದಾಯ ಕಡಿಮೆ ಇರೋ ಮನೆಯ ಮಕ್ಕಳು ಬರೆಯಬಹುದು. ದೇಶದಲ್ಲಿ ವರ್ಷಕ್ಕೆ ಒಂದು ಲಕ್ಷ ಹೊಸ ವಿದ್ಯಾರ್ಥಿವೇತನ. ಆಯ್ಕೆಯಾದರೆ ಒಂಬತ್ತರಿಂದ ಹನ್ನೆರಡನೇ ತರಗತಿಯವರೆಗೆ ವರ್ಷಕ್ಕೆ 12,000 ರೂಪಾಯಿ. ಮೊದಲು 6,000 ಇತ್ತು, 2017ರಲ್ಲಿ ಜಾಸ್ತಿ ಮಾಡಿದರು. ಎರಡು ಪತ್ರಿಕೆ, ಒಂದೊಂದರಲ್ಲೂ 90 ಪ್ರಶ್ನೆ, 90 ನಿಮಿಷ. ಅಂದರೆ ಒಂದು ಪ್ರಶ್ನೆಗೆ ಒಂದು ನಿಮಿಷ. ಬೆಂಗಳೂರಿನಲ್ಲಿ ಕೂತವರಿಗೆ 12,000 ಏನೂ ಅಲ್ಲದಿರಬಹುದು. ಊರಲ್ಲಿ ಒಬ್ಬ ಹುಡುಗಿಯನ್ನ ಪಿಯುಸಿಗೆ ಕಳಿಸಬೇಕೋ ಬೇಡವೋ ಅನ್ನೋ ಮಾತು ಬಂದಾಗ ಆ ದುಡ್ಡು ತೂಕದ್ದೇ.

ಎಂಟನೇ ಕ್ಲಾಸಿನಲ್ಲಿ ಮೂವತ್ತೊಂದು ಮಕ್ಕಳಿದ್ದರು. ಎಲ್ಲರಿಗೂ ಹೇಳಿಕೊಡೋಕೆ ಆಗಲ್ಲ, ‘ಫೋಕಸ್’ ಮಾಡೋಣ ಅಂದುಕೊಂಡೆ. (ಇದು ಆಫೀಸಿನ ಚಾಳಿ.) ನಾನೇ ನಲವತ್ತು ಪ್ರಶ್ನೆಗಳ ಒಂದು ಪರೀಕ್ಷೆ ತಯಾರು ಮಾಡಿ, ಅರಸೀಕೆರೆಯಲ್ಲಿ ಜೆರಾಕ್ಸ್ ಮಾಡಿಸಿ, ಒಂದು ಶನಿವಾರ ಎಲ್ಲರಿಗೂ ಕೊಟ್ಟೆ. ಸಮಯ 45 ನಿಮಿಷ. ಫಾರಂ ಸಿಕ್ಕವರಿಗೆ ಮಾತ್ರ ಅಂತ ಇಲ್ಲ, ಮೂವತ್ತೊಂದು ಜನಕ್ಕೂ ಪರೀಕ್ಷೆ. 2007ರ ಪಾಪ ತೊಳೆದುಕೊಂಡೆ ಅಂತ ಒಳಗೇ ಬೆನ್ನು ತಟ್ಟಿಕೊಂಡೆ. ರಾತ್ರಿ ಕೂತು ತಿದ್ದಿದೆ. ಮೇಲಿನ ಆರು ಜನರನ್ನು ಆರಿಸಿದೆ. ಆರನೆಯವರಿಗೆ ಬಂದಿದ್ದು 22 ಅಂಕ. ವಾರಕ್ಕೆ ಮೂರು ಸಂಜೆ ನಮ್ಮನೆ ಜಗುಲಿ ಮೇಲೆ ಪಾಠ. ಅಮ್ಮನ ಅವಲಕ್ಕಿ, ಟೀ. ಎಲ್ಲ ಚೆನ್ನಾಗೇ ನಡೆಯಿತು. ಆರು ಜನರಲ್ಲಿ ಒಬ್ಬಳು ಹುಡುಗಿ ಆಯ್ಕೆಯೂ ಆದಳು. ಅವಳಪ್ಪ ಒಂದು ಚೀಲ ಎಳನೀರು ತಂದು ಇಳಿಸಿಹೋದರು.

2023ರ ಯುಗಾದಿ. ಹಬ್ಬದ ದಿನ ಎಣ್ಣೆಸ್ನಾನ, ಬೆಳಗಿನ ಜಾವವೇ ಬಚ್ಚಲ ಒಲೆಗೆ ಬೆಂಕಿ ಬೀಳಬೇಕು. ಅಮ್ಮ ಅಟ್ಟದಿಂದ ಹಳೇ ಕಾಗದದ ಕಟ್ಟು ಇಳಿಸಿ, “ಇವು ಬೇಕೇನೋ, ಒಲೆಗೆ ಹಾಕ್ಲಾ?” ಅಂತ ಕೇಳಿದಳು. ನೋಡಿದರೆ ಅವೇ ಉತ್ತರ ಪತ್ರಿಕೆಗಳು. ಹಾಕಮ್ಮ ಅಂದೆ. ನಾನೇ ಒಂದೊಂದಾಗಿ ಒಲೆಗೆ ಇಡುತ್ತಾ ಕೂತೆ. ಹಾಗೆ ಇಡುವಾಗ ಒಂದು ಪತ್ರಿಕೆಯ ಹಿಂಬದಿ ಕಣ್ಣಿಗೆ ಬಿತ್ತು.

ಹಾಳೆಯ ತುಂಬಾ ಚುಕ್ಕಿ, ಚುಕ್ಕಿಯಿಂದ ಚುಕ್ಕಿಗೆ ಗೆರೆ. ಎರಡು ಚುಕ್ಕಿ, ಒಂದು ಗೆರೆ. ಮೂರು ಚುಕ್ಕಿ, ಮೂರು ಗೆರೆ. ನಾಲ್ಕು ಚುಕ್ಕಿ, ಆರು. ಐದಕ್ಕೆ ಹತ್ತು. ಕೆಳಗೆ ಸಾಲಾಗಿ 1, 3, 6, 10, 15, 21, 28, 36, 45. ಅದರ ಕೆಳಗೆ ಇನ್ನೊಂದು ಸಾಲು ದುಂಡಗೆ ಇಟ್ಟ ಚುಕ್ಕಿಗಳು. ಅವುಗಳಲ್ಲಿ ಪಕ್ಕಪಕ್ಕದ ಚುಕ್ಕಿಗೆ ಗೆರೆ ಇಲ್ಲ, ಅಡ್ಡ ಗೆರೆಗಳು ಮಾತ್ರ. ನಾಲ್ಕಕ್ಕೆ 2, ಐದಕ್ಕೆ 5, ಆರಕ್ಕೆ 9... ಕೊನೆಗೆ ಹತ್ತಕ್ಕೆ 35.

ಒಲೆ ಮುಂದೆಯೇ ಪತ್ರಿಕೆ ತಿರುಗಿಸಿ ನೋಡಿದೆ. ನಾನು ಕೊಟ್ಟಿದ್ದ ಪ್ರಶ್ನೆ ಇದು: ದುಂಡು ಮೇಜಿನ ಸುತ್ತ 10 ಜನ ಕೂತಿದ್ದಾರೆ, ಪ್ರತಿಯೊಬ್ಬರೂ ಉಳಿದ ಎಲ್ಲರ ಕೈ ಒಂದೊಂದು ಸಲ ಕುಲುಕಿದರೆ ಒಟ್ಟು ಎಷ್ಟು ಕೈಕುಲುಕು? ಆಯ್ಕೆಗಳು 100, 90, 45, 35. ಆ 35 ನಾನು ಸುಮ್ಮನೆ ಜಾಗ ತುಂಬಿಸೋಕೆ ಹಾಕಿದ್ದು. ಹುಡುಗ 45ಕ್ಕೂ ಸುತ್ತು ಹಾಕಿದ್ದ, 35ಕ್ಕೂ ಸುತ್ತು ಹಾಕಿದ್ದ. ನಾನು ಕೆಂಪು ಪೆನ್ನಲ್ಲಿ ದೊಡ್ಡದಾಗಿ ತಪ್ಪು ಗುರುತು ಹಾಕಿದ್ದೆ. ಎರಡು ಉತ್ತರಕ್ಕೆ ಗುರುತು ಹಾಕಿದರೆ ಅಂಕ ಇಲ್ಲ, ನಿಯಮ ಅಂದರೆ ನಿಯಮ. ನಲವತ್ತರಲ್ಲಿ ಅವನು ಮುಟ್ಟಿದ್ದೇ ಒಂಬತ್ತು ಪ್ರಶ್ನೆ. ಅದರಲ್ಲಿ ಏಳು ಸರಿ. ಹಿಂದಿನ ಪುಟ ತಿದ್ದುವಾಗ ಖಂಡಿತ ನೋಡಿರ್ತೀನಿ, ‘ಸುಮ್ಮನೆ ಗೀಚಿದ್ದಾನೆ’ ಅಂದುಕೊಂಡಿರ್ತೀನಿ.

ಹೆಸರು ನೋಡಿದೆ. ಹೆಸರು ಇಲ್ಲಿ ಬೇಡ. ಊರಲ್ಲಿ ಎಲ್ಲರೂ ಕರೆಯೋ ಹಾಗೆ ಪುಟ್ಟ ಅಂತಲೇ ಇರಲಿ. ಅವರಪ್ಪ ಕಾಯಿ ಸುಲಿಯುವವರು, ಸಾವಿರ ಕಾಯಿಗೆ ಇಷ್ಟು ಅಂತ ಕೂಲಿ. ಒಬ್ಬಟ್ಟು ತಿಂದ ಮೇಲೆ ಆ ಹಾಳೆ ಜೇಬಲ್ಲಿಟ್ಟುಕೊಂಡು ಅವರ ಮನೆ ಹತ್ತಿರ ಹೋದೆ. ಹಬ್ಬದ ದಿನ ಅಂತ ಕೆಲಸ ಇರಲಿಲ್ಲ. ಅವರಪ್ಪ ನನ್ನ ನೋಡಿದ ತಕ್ಷಣ ಎದ್ದು ನಿಂತು, “ಏನ್ ತಪ್ಪು ಮಾಡ್ದ ಸಾರ್ ನಮ್ಮುಡ್ಗ?” ಅಂದರು. ಓದಿದವನು ಹುಡುಗನ ಪರೀಕ್ಷೆ ಹಾಳೆ ಹಿಡಿದು ಮನೆ ಬಾಗಿಲಿಗೆ ಬಂದರೆ ಅವರಿಗೆ ಹೊಳೆದ ಮೊದಲ ಮಾತು ಅದು. ತಪ್ಪು ಅವನದ್ದಲ್ಲ, ನನ್ನದು ಅಂತ ಹೇಳಬೇಕಿತ್ತು. “ಏನಿಲ್ಲ ಅಣ್ಣ, ಸುಮ್ನೆ ಮಾತಾಡ್ಸೋಣ ಅಂತ” ಅಂದೆ.

ಪುಟ್ಟನಿಗೆ ಹಾಳೆ ತೋರಿಸಿ, ಎರಡಕ್ಕೂ ಯಾಕೋ ಸುತ್ತು ಹಾಕಿದೆ ಅಂತ ಕೇಳಿದೆ.

“ಎರಡೂ ಸರಿ ಅಲ್ವಾಣ್ಣ? ಎಲ್ಲರೂ ಕುಲುಕಿದ್ರೆ ನಲವತ್ತೈದು. ಆದ್ರೆ ಪಕ್ಕಪಕ್ಕ ಕೂರೋರು ಒಟ್ಟಿಗೇ ಬಂದೋರಲ್ವಾ? ಮನೆಯೋರ ಕೈ ಯಾರಾದ್ರೂ ಕುಲುಕ್ತಾರಾ? ಅವರನ್ನ ಬಿಟ್ರೆ ಮೂವತ್ತೈದು. ಅದೂ ಕೊಟ್ಟಿದ್ರಲ್ಲ, ಅದಕ್ಕೇ ಎರಡಕ್ಕೂ ಹಾಕ್ದೆ.”

ನಾನು ಸುಮ್ಮನಾದೆ. ಅವನು ಮುಂದುವರಿಸಿದ. “ಐವತ್ತು ಮಾಡಕ್ಕೆ ಆಗಲ್ಲ ಅಣ್ಣ.”

“ಏನು ಐವತ್ತು?”

“ಒಟ್ಟು ಐವತ್ತು ಸಲ ಆಗ್ಬೇಕು ಅಂದ್ರೆ ಎಷ್ಟು ಜನ ಇರ್ಬೇಕು ಅಂತ ನೋಡ್ದೆ. ಹತ್ತು ಜನಕ್ಕೆ ನಲವತ್ತೈದು, ಹನ್ನೊಂದಕ್ಕೆ ಐವತ್ತೈದು. ಮಧ್ಯೆ ಯಾವ್ದೂ ಇಲ್ಲ.”

ಇದು ಯಾವ ಪಠ್ಯಪುಸ್ತಕದ ಪ್ರಶ್ನೆಯೂ ಅಲ್ಲ. ಉತ್ತರ ಬಂದ ಮೇಲೆ ಅದನ್ನು ಹಿಂದುಮುಂದು ತಿರುಗಿಸಿ, ‘ಇದು ಆಗೋದೇ ಇಲ್ಲ’ ಅಂತ ಕಂಡುಕೊಳ್ಳೋದು ಇದೆಯಲ್ಲ, ನನಗೆ ಅದು ಎಂಟನೇ ಕ್ಲಾಸಿನಲ್ಲಿ ಖಂಡಿತ ಬರುತ್ತಿರಲಿಲ್ಲ. ಪ್ರಾಮಾಣಿಕವಾಗಿ ಹೇಳ್ತೀನಿ, ಇಂಜಿನಿಯರಿಂಗಿನಲ್ಲೂ ನಾನು ಹಾಗೆ ಕೂತು ಯೋಚಿಸಿದ್ದು ಕಡಿಮೆ. ನಾನು ಕಲಿತಿದ್ದು ಒಂದು ನಿಮಿಷಕ್ಕೆ ಒಂದು ಪ್ರಶ್ನೆ ಬಿಡಿಸೋದು. ಅದರಲ್ಲಿ ಜಾಣನೇ. ಆ ಜಾಣತನದ ಅಳತೆಗೋಲಿನಲ್ಲೇ ಇನ್ನೊಬ್ಬನನ್ನು ಅಳೆದು ಕೆಳಗಿಳಿಸಿದ್ದೆ. ಎನ್‌ಎಂಎಂಎಸ್ ಎಂಟನೇ ಕ್ಲಾಸಿನಲ್ಲಿ ಮಾತ್ರ. ಅವನ ಸರದಿ ಮುಗಿದಿತ್ತು.

ಆಮೇಲೆ ಈ ವಿಷಯದ ಬಗ್ಗೆ ಸ್ವಲ್ಪ ಓದಿದೆ. ತಪ್ಪು ಮಾಡಿದ ಮೇಲೆ ಓದೋದು ನಮ್ಮ ಕೆಲಸದ ಪದ್ಧತಿ :) ಓದಿದಾಗ ಗೊತ್ತಾಗಿದ್ದು, ಇದು ನೂರು ವರ್ಷದ ಹಳೇ ತಪ್ಪು ಅಂತ. 1921ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಲೂಯಿಸ್ ಟರ್ಮನ್ ಅನ್ನೋ ಮನಶ್ಶಾಸ್ತ್ರಜ್ಞ ಕ್ಯಾಲಿಫೋರ್ನಿಯಾದ ಶಾಲೆಗಳಲ್ಲಿ ಅತಿ ಬುದ್ಧಿವಂತ ಮಕ್ಕಳನ್ನು ಹುಡುಕೋಕೆ ಹೊರಟರು. ಐಕ್ಯೂ ಪರೀಕ್ಷೆ ಮಾಡಿ ಸುಮಾರು 1,500 ಮಕ್ಕಳನ್ನು ಆರಿಸಿ, ಜೀವನಪೂರ್ತಿ ಅವರನ್ನು ಗಮನಿಸುವ ಯೋಜನೆ. ಪರೀಕ್ಷೆ ಬರೆದು, ಅಂಕ ಸಾಲದೆ ಹೊರಗುಳಿದವರಲ್ಲಿ ಇಬ್ಬರು ಹುಡುಗರಿದ್ದರು. ವಿಲಿಯಂ ಶಾಕ್ಲಿ ಮತ್ತು ಲೂಯಿಸ್ ಅಲ್ವಾರೆಜ್. ಶಾಕ್ಲಿ ಟ್ರಾನ್ಸಿಸ್ಟರ್ ಕಂಡುಹಿಡಿದವರಲ್ಲಿ ಒಬ್ಬರು, 1956ರಲ್ಲಿ ಭೌತಶಾಸ್ತ್ರದ ನೊಬೆಲ್. ಅಲ್ವಾರೆಜ್‌ಗೆ 1968ರಲ್ಲಿ ಅದೇ ನೊಬೆಲ್. ಆಯ್ಕೆಯಾದ ಮಕ್ಕಳಲ್ಲಿ ಒಬ್ಬರಿಗೂ ಬರಲಿಲ್ಲ. (ಶಾಕ್ಲಿ ಮುಂದೆ ಜನಾಂಗ ಮತ್ತು ಐಕ್ಯೂ ಬಗ್ಗೆ ಆಡಿದ ಮಾತುಗಳು ಯಾರೂ ಒಪ್ಪುವಂಥವಲ್ಲ. ಐಕ್ಯೂ ಪರೀಕ್ಷೆಯಿಂದ ಹೊರಬಿದ್ದವನೇ ಐಕ್ಯೂ ನಂಬಿ ಕೂತಿದ್ದು ಇನ್ನೊಂದು ವಿಚಿತ್ರ.) ಅಂದರೆ ಇವತ್ತು ನಾನು ಹೊಟ್ಟೆಪಾಡಿಗೆ ಕುಟ್ಟುತ್ತಿರೋ ಈ ಲ್ಯಾಪ್‌ಟಾಪಿನ ಬುಡದಲ್ಲಿರುವ ವಸ್ತುವನ್ನು ಕಂಡುಹಿಡಿದವರಲ್ಲೊಬ್ಬ, ‘ಬುದ್ಧಿವಂತ ಮಕ್ಕಳ’ ಪಟ್ಟಿಯಲ್ಲಿ ಇರಲಿಲ್ಲ!

ಇನ್ನೊಂದು ಉದಾಹರಣೆ ನನ್ನ 2007ರ ಕಥೆಗೆ ಹತ್ತಿರದ್ದು. ಫ್ಲಾರಿಡಾದ ಬ್ರೋವರ್ಡ್ ಕೌಂಟಿಯ ಸರ್ಕಾರಿ ಶಾಲೆಗಳಲ್ಲಿ ಪ್ರತಿಭಾವಂತ ಮಕ್ಕಳಿಗೆ ಬೇರೆ ಪಾಠ ಇದೆ. ಮೊದಲು ಅದಕ್ಕೆ ಶಿಕ್ಷಕರೋ ಅಪ್ಪ ಅಮ್ಮನೋ ಮಗುವಿನ ಹೆಸರು ಸೂಚಿಸಬೇಕಿತ್ತು. 2005ರಿಂದ ಎರಡನೇ ಕ್ಲಾಸಿನ ಎಲ್ಲ ಮಕ್ಕಳಿಗೂ ಒಂದು ಸಣ್ಣ ಪರೀಕ್ಷೆ ಮಾಡಿದರು. ಭಾಷೆ ಹೆಚ್ಚು ಬೇಕಿಲ್ಲದ, ಚಿತ್ರಗಳ ಪರೀಕ್ಷೆ. ಡೇವಿಡ್ ಕಾರ್ಡ್ ಮತ್ತು ಲಾರಾ ಜೂಲಿಯಾನೊ ಅನ್ನೋ ಅರ್ಥಶಾಸ್ತ್ರಜ್ಞರು ಇದನ್ನು ಅಧ್ಯಯನ ಮಾಡಿ 2016ರಲ್ಲಿ ಪ್ರಕಟಿಸಿದರು. ಬಡವರ ಮನೆಯ, ಕಪ್ಪು ಮತ್ತು ಹಿಸ್ಪಾನಿಕ್ ಮಕ್ಕಳ ಸಂಖ್ಯೆ ಗಣನೀಯವಾಗಿ ಏರಿತ್ತು. ಅವರು ಹೊಸದಾಗಿ ಬುದ್ಧಿವಂತರಾಗಿದ್ದಲ್ಲ, ಮೊದಲಿಂದಲೂ ಅದೇ ಬೆಂಚಿನಲ್ಲೇ ಇದ್ದವರು. ಯಾರೂ ಹೆಸರು ಹೇಳಿರಲಿಲ್ಲ, ಅಷ್ಟೇ. ಮುಂದೆ ದುಡ್ಡಿಲ್ಲ ಅಂತ ಅದನ್ನು ಕೈಬಿಟ್ಟಾಗ ಪರಿಸ್ಥಿತಿ ಮತ್ತೆ ಮೊದಲಿನಂತೆ ಆಯ್ತು.

ಹಾಗಾಗಿ ನನಗೆ ಕಾಣೋದು ಎರಡು ತೂತು. ಒಂದು, ಪರೀಕ್ಷೆಯ ಬಾಗಿಲಿಗೇ ಬಾರದ ಮಕ್ಕಳು. ನನ್ನ ಪಕ್ಕದ ಸಾಲಿನ ಹುಡುಗಿ ಹೋಗಿದ್ದು ಆ ತೂತಿನಲ್ಲಿ. ಎಲ್ಲರಿಗೂ ಪರೀಕ್ಷೆ ಕೊಟ್ಟರೆ ಇದನ್ನು ಮುಚ್ಚಬಹುದು. ಎರಡನೆಯದು, ಪರೀಕ್ಷೆ ಬರೆದೂ ಕಾಣದೆ ಹೋಗೋ ಮಕ್ಕಳು. ಪುಟ್ಟ ಹೋಗಿದ್ದು ಅದರಲ್ಲಿ. ಇದನ್ನು ಮುಚ್ಚೋಕೆ ಇನ್ನೊಂದು ಪರೀಕ್ಷೆ ಸಾಲದು. ಒಬ್ಬ ಮನುಷ್ಯ ಕೂತು ಹಾಳೆಯ ಹಿಂಬದಿ ನೋಡಬೇಕು.

ಇದನ್ನೇ ಮೇಷ್ಟ್ರ ಹತ್ತಿರ ಹೋಗಿ ಸ್ವಲ್ಪ ಜೋರಾಗೇ ಹೇಳಿದೆ. ಅವರು ಪುಟ್ಟನ ಬಗ್ಗೆ, “ಅವ್ನು ಸೋಮಾರಿ ಕಣಪ್ಪ, ಸ್ಟೆಪ್ಸೇ ಬರೆಯಲ್ಲ” ಅಂದಿದ್ದರು ಹಿಂದೆ. ಈಗ ಹಾಳೆ ನೋಡಿ ತುಂಬಾ ಹೊತ್ತು ಮಾತಾಡಲಿಲ್ಲ. ಆಮೇಲೆ ಹೇಳಿದ್ದು: “ನೀನು ಹೇಳೋದು ಸರಿ. ಆದ್ರೆ ಈ ಕ್ಲಾಸಲ್ಲಿ ಹನ್ನೆರಡು ಮಕ್ಕಳಿಗೆ ಭಾಗಾಕಾರ ಬರಲ್ಲ. ಎಂಟು, ಒಂಬತ್ತು, ಹತ್ತು ಮೂರಕ್ಕೂ ಗಣಿತಕ್ಕೆ ನಾನೊಬ್ನೇ. ಎಸ್ಸೆಸ್ಸೆಲ್ಸಿ ರಿಸಲ್ಟ್ ಕಮ್ಮಿ ಆದ್ರೆ ನೋಟೀಸು ಬರೋದು ನಂಗೆ. ಚುಕ್ಕಿ ಗೆರೆ ನೋಡ್ತಾ ಕೂತ್ರೆ ಆ ಹನ್ನೆರಡು ಜನರನ್ನ ಯಾರು ನೋಡ್ಬೇಕು ಹೇಳು?”

ನನ್ನ ಹತ್ತಿರ ಉತ್ತರ ಇರಲಿಲ್ಲ. ಈಗಲೂ ಪೂರ್ತಿ ಉತ್ತರ ಇಲ್ಲ. 2020ರ ರಾಷ್ಟ್ರೀಯ ಶಿಕ್ಷಣ ನೀತಿಯಲ್ಲಿ ವಿಶೇಷ ಪ್ರತಿಭೆ ಇರೋ ಮಕ್ಕಳಿಗೆ ಹೆಚ್ಚುವರಿ ಓದಿನ ಸಾಮಗ್ರಿ ಕೊಡಬೇಕು, ಗಣಿತ, ವಿಜ್ಞಾನ, ಚೆಸ್, ಭಾಷೆ ಅಂತ ಶಾಲೆಗಳಲ್ಲಿ ಕೂಟಗಳನ್ನು ಮಾಡಬೇಕು, ಒಲಿಂಪಿಯಾಡ್‌ಗಳು ಪ್ರಾದೇಶಿಕ ಭಾಷೆಯಲ್ಲೂ ಇರಬೇಕು ಅಂತೆಲ್ಲ ಬರೆದಿದ್ದಾರೆ. ಓದೋಕೆ ಚೆನ್ನಾಗಿದೆ. ಇನ್ನೊಂದು ಕಡೆ, 1963ರಲ್ಲಿ ಶುರುವಾಗಿ ದಶಕಗಳ ಕಾಲ ನಡೆದ ರಾಷ್ಟ್ರೀಯ ಪ್ರತಿಭಾನ್ವೇಷಣೆ ಪರೀಕ್ಷೆ (ಎನ್‌ಟಿಎಸ್‌ಇ) 2021ರ ನಂತರ ನಿಂತುಹೋಗಿದೆ. ನೀತಿಯ ಆ ಸಾಲುಗಳಿಗೂ ನಮ್ಮೂರಿನ ಎಂಟನೇ ಕ್ಲಾಸಿಗೂ ಮಧ್ಯೆ ನಿಂತಿರೋದು ಮೂರು ತರಗತಿಗೆ ಒಬ್ಬ ಮೇಷ್ಟ್ರು. ಅವರನ್ನು ಬೈದು ಪ್ರಯೋಜನ ಇಲ್ಲ.

ಇನ್ನೊಂದು ಮಾತೂ ಹೇಳಬೇಕು. ನಮ್ಮಲ್ಲಿ ಜಾಣ ಮಗು ಸಿಕ್ಕಿದರೆ ಮಾಡೋ ಮೊದಲ ಕೆಲಸ, ಅದನ್ನು ಅಲ್ಲಿಂದ ಎತ್ತಿ ಬೇರೆ ಕಡೆ ಕಳಿಸೋದು. ನವೋದಯ, ಮೊರಾರ್ಜಿ, ಆದರ್ಶ ವಿದ್ಯಾಲಯ. ನನ್ನನ್ನೂ ಹಾಗೇ ಕಳಿಸಿದರು, ನನಗೆ ಒಳ್ಳೆಯದೇ ಆಯ್ತು, ಆ ಋಣ ಮರೆಯೋ ಹಾಗಿಲ್ಲ. ಆದರೆ ಸೀಟು 80. ಎಂಬತ್ತೊಂದನೆಯ ಮಗು, ಫಾರಂ ಸಿಗದ ಮಗು, ಎಂಟನೇ ಕ್ಲಾಸಿಗೆ ಬಂದ ಮೇಲೆ ಚುಕ್ಕಿ ಗೆರೆ ಹಾಕೋಕೆ ಶುರು ಮಾಡಿದ ಮಗು, ಇವರೆಲ್ಲ ಊರಿನ ಶಾಲೆಯಲ್ಲೇ ಇರ್ತಾರೆ. ಅವರಿಗೆ ಅಲ್ಲೇ ಏನು ಕೊಡ್ತೀವಿ ಅನ್ನೋದು ನಾವು ಕೇಳದ ಪ್ರಶ್ನೆ.

ಕೊನೆಗೆ ನಾವು ಮಾಡಿದ್ದು ತೀರಾ ಸಣ್ಣ ಕೆಲಸ. ಗ್ರಾಮ ಪಂಚಾಯ್ತಿಯ ಲೈಬ್ರರಿ ಇದೆಯಲ್ಲ, ಈಗ ಅದಕ್ಕೆ ‘ಅರಿವು ಕೇಂದ್ರ’ ಅಂತಾರೆ, ಅಲ್ಲಿ ಒಂದು ಇನ್ನೂರು ಪುಟದ ನೋಟ್‌ಬುಕ್ ಇಟ್ಟೆವು. ಮೇಲೆ ‘ಪ್ರಶ್ನೆ ಪುಸ್ತಕ’ ಅಂತ ಬರೆದೆವು. ನಿಯಮ ಮೂರೇ. ಯಾರು ಬೇಕಾದರೂ ಪ್ರಶ್ನೆ ಬರೆಯಬಹುದು. ಯಾರು ಬೇಕಾದರೂ ಉತ್ತರ ಬರೆಯಬಹುದು, ಆದರೆ ಹೇಗೆ ಬಂತು ಅಂತ ಹೇಳಬೇಕು. ಟೈಮ್ ಲಿಮಿಟ್ ಇಲ್ಲ. ಮೊದಲ ಪ್ರಶ್ನೆ ನಾನು ಬರೆದೆ. ಎರಡನೆಯದು ಪುಟ್ಟ. ಲೈಬ್ರರಿ ನೋಡಿಕೊಳ್ಳೋ ಅಕ್ಕ ದಿನಾ ಸಂಜೆ ಅದರ ಪುಟದ ಫೋಟೋ ತೆಗೆದು ನನಗೆ ವಾಟ್ಸಾಪ್ ಮಾಡುತ್ತಿದ್ದರು.

ಎರಡು ತಿಂಗಳಲ್ಲಿ ಒಂದು ತಮಾಷೆ ನಡೆಯಿತು. ಭಾಗಾಕಾರ ಬಾರದ ಹನ್ನೆರಡು ಜನ ಅಂದರಲ್ಲ ಮೇಷ್ಟ್ರು, ಅದರಲ್ಲಿ ಒಬ್ಬಳು ಹುಡುಗಿ ಆ ಪುಸ್ತಕದಲ್ಲಿ ಒಗಟಿನಂಥ ಪ್ರಶ್ನೆಗಳನ್ನು ಬರೆಯೋಕೆ ಶುರು ಮಾಡಿದಳು. ಅತ್ತೆ, ನಾದಿನಿ, ಮೂರು ಕೊಡ, ಒಂದು ನಲ್ಲಿ, ಯಾರು ಯಾರ ನಂತರ ನಿಂತರೆ ಜಗಳ ಆಗಲ್ಲ, ಇಂಥವು. ಒಂದನ್ನು ಬಿಡಿಸೋಕೆ ನನಗೇ ಅರ್ಧ ಗಂಟೆ ಹಿಡಿಯಿತು. ಅವಳಿಗೆ ಭಾಗಾಕಾರ ಬಾರದೆ ಇದ್ದಿದ್ದು ನಿಜ. ತರ್ಕ ಚೆನ್ನಾಗಿ ಇದ್ದಿದ್ದೂ ನಿಜ. ಎರಡೂ ಒಂದೇ ತಲೆಯಲ್ಲಿ ಇರಬಹುದು ಅಂತ ನಮ್ಮ ಪಟ್ಟಿಗಳಿಗೆ ಗೊತ್ತಿರೋದಿಲ್ಲ. ಮೇಷ್ಟ್ರು ಆ ಪುಟದ ಫೋಟೋ ನೋಡಿ, ಅವಳನ್ನು ಕೂರಿಸಿಕೊಂಡು ಭಾಗಾಕಾರ ಹೇಳಿಕೊಟ್ಟರು. ‘ಇಷ್ಟು ಬರೋಳಿಗೆ ಅದು ಬರದೇ ಇರುತ್ತಾ’ ಅನ್ನೋ ಹಠ ಅವರಿಗೆ ಬಂದಿತ್ತು. ಅವರು ಕೇಳಿದ್ದ ಪ್ರಶ್ನೆಗೆ ಅರ್ಧ ಉತ್ತರ ಅವರೇ ಕಂಡುಕೊಂಡರು.

ಪುಟ್ಟನ ಕಥೆ ಏನಾಯ್ತು ಅಂತ ಕೇಳ್ತೀರಿ. ಸಿನಿಮಾ ಥರ ಏನೂ ಆಗಲಿಲ್ಲ. ಎಸ್ಸೆಸ್ಸೆಲ್ಸಿಯಲ್ಲಿ ಗಣಿತಕ್ಕೆ 93, ಇಂಗ್ಲಿಷಿಗೆ 41. ನಾನು ಪಿಯುಸಿ ಸೈನ್ಸ್ ಅಂದೆ. ಅವರಪ್ಪ ಸರ್ಕಾರಿ ಪಾಲಿಟೆಕ್ನಿಕ್ ಅಂದರು. ಮೂರು ವರ್ಷಕ್ಕೆ ಕೈಗೊಂದು ಕೆಲಸ ಸಿಗುತ್ತೆ, ಬೇಕಾದರೆ ಆಮೇಲೆ ನೇರ ಇಂಜಿನಿಯರಿಂಗ್ ಎರಡನೇ ವರ್ಷಕ್ಕೆ ಸೇರಬಹುದು ಅನ್ನೋ ಲೆಕ್ಕ ಅವರಿಗೂ ಯಾರೋ ಹೇಳಿದ್ದರು. ತಪ್ಪು ಲೆಕ್ಕ ಅಲ್ಲ. ನನಗೆ ಬೇಜಾರಾಯ್ತು. ಆದರೆ ಬೇಜಾರು ಯಾರಿಗೋಸ್ಕರ? ಅವನಿಗೋ, ಅಥವಾ ‘ನಾನು ಹುಡುಕಿದ ಹುಡುಗ’ ದೊಡ್ಡವನಾಗಲಿಲ್ಲ ಅನ್ನೋ ನನ್ನ ಹಮ್ಮಿಗೋ? ಮನೆಯ ಕಷ್ಟ ನೋಡಿ ಅಪ್ಪ ತಗೊಂಡ ತೀರ್ಮಾನಕ್ಕೆ ಬೆಂಗಳೂರಿನಿಂದ ಕೂತು ಮಾರ್ಕ್ಸ್ ಹಾಕೋಕೆ ನಾನ್ಯಾರು? ಒಮ್ಮೆ ಹಾಕಿ ಆಗಿದೆಯಲ್ಲ.

ಅವನು ಈಗ ಪಾಲಿಟೆಕ್ನಿಕ್‌ನಲ್ಲಿ ಓದ್ತಾ ಇದ್ದಾನೆ. ಆಗಾಗ ರಾತ್ರಿ ಹತ್ತರ ಮೇಲೆ ಒಂದು ಪ್ರಶ್ನೆ ಕಳಿಸ್ತಾನೆ. ನನಗೆ ಉತ್ತರ ಬಾರದಿದ್ದರೆ ಒಂದು ನಗೋ ಮುಖ ಕಳಿಸಿ ಮಲಗಿಬಿಡ್ತಾನೆ. ನನಗೆ ನಿದ್ದೆ ಹೋಗುತ್ತೆ.

ಆ ಹಾಳೆ ಇನ್ನೂ ನನ್ನ ಹತ್ತಿರ ಇದೆ. ಅಂಚು ಸ್ವಲ್ಪ ಹೊಗೆ ಹಿಡಿದಿದೆ. ಯುಗಾದಿಯ ರಾತ್ರಿಯೇ ಆ ಪ್ರಶ್ನೆಗೆ ಹಾಕಿದ್ದ ತಪ್ಪು ಗುರುತು ಹೊಡೆದು, ಒಂದು ಅಂಕ ಕೊಟ್ಟು, ಏಳನ್ನು ಎಂಟು ಮಾಡಿದ್ದೆ. ನಲವತ್ತಕ್ಕೆ ಎಂಟು. ಈಗಲೂ 22ಕ್ಕೆ ಎಷ್ಟೋ ದೂರ. ನ್ಯಾಯವಾಗಿ ತಿದ್ದಿದರೂ ಆ ಪಟ್ಟಿಯಲ್ಲಿ ಅವನು ಬರುತ್ತಿರಲಿಲ್ಲ. ತಿದ್ದಬೇಕಾಗಿದ್ದು ಅವನ ಉತ್ತರ ಪತ್ರಿಕೆಯನ್ನಲ್ಲ, ನನ್ನ ಪಟ್ಟಿಯನ್ನ.

ನಿಮ್ಮಲ್ಲಿ ಹಲವರು ನನ್ನ ಹಾಗೇ ಸರ್ಕಾರಿ ಶಾಲೆಯಲ್ಲಿ ಓದಿ ಈಗ ಎಲ್ಲೆಲ್ಲೋ ಇರೋರು. ಮುಂದಿನ ಸಲ ಊರಿಗೆ ಹೋದಾಗ ಶಾಲೆ ಕಡೆ ಒಂದು ಸಲ ಹೋಗಿ ಬನ್ನಿ. ನೋಟ್‌ಬುಕ್, ಪೆನ್ನು ಕೊಟ್ಟು ಫೋಟೋ ತೆಗೆಸಿಕೊಳ್ಳೋದು ಒಂದು ಕಡೆ ಇರಲಿ. ಮೇಷ್ಟ್ರನ್ನ ‘ಕ್ಲಾಸಿಗೆ ಯಾರು ಫಸ್ಟು?’ ಅಂತ ಕೇಳಬೇಡಿ. ‘ನಿಮಗೆ ಜಾಸ್ತಿ ತಲೆ ತಿನ್ನೋರು ಯಾರು?’ ಅಂತ ಕೇಳಿ. ಅವರ ಹತ್ತಿರ ಹತ್ತು ನಿಮಿಷ ಕೂತು ಮಾತಾಡಿ. ಸಾಧ್ಯವಾದರೆ ಹಾಳೆಯ ಹಿಂಬದಿ ತಿರುಗಿಸಿ ನೋಡಿ.

ಮತ್ತೆ, ನವೋದಯದ ಅರ್ಜಿ ಪ್ರತಿವರ್ಷ ಕರೀತಾರೆ, ಈಗ ಆನ್‌ಲೈನ್‌ನಲ್ಲೇ ಹಾಕಬಹುದು. ನಿಮ್ಮೂರಲ್ಲಿ ಐದನೇ ಕ್ಲಾಸಿನ ಮಕ್ಕಳಿದ್ದರೆ ಅವರ ಮನೆಗೆ ಸುದ್ದಿ ಮುಟ್ಟಿಸಿ. ಒಬ್ಬರಿಗಲ್ಲ, ಅಷ್ಟೂ ಜನಕ್ಕೆ. ನಿಮ್ಮ ಮಗನೋ ತಮ್ಮನೋ ಅದೇ ಕ್ಲಾಸಿನಲ್ಲಿದ್ದರೂ ಸರಿ.